ಸ್ಟಾಕ್‌ಹೋಮ್‌ನ ದೊಡ್ಡ ಹೋಟೆಲ್‌ನಲ್ಲಿ ನಾಲ್ಕು ರಾತ್ರಿ, ಜೊತೆಗೆ ಅಪ್ಪಾಜಿ-ಅವ್ವ: ಬುಕ್ ಮಾಡೋ ಮುಂಚೆ ಏನೇನು ಕೇಳಬೇಕು?

ಕುಂದವಾಡ ಕೆರೆ (ದಾವಣಗೆರೆ):

ಎಲ್ಲರಿಗೂ ಶರಣು. ಜೂನ್ ಮೂರನೇ ವಾರದಲ್ಲಿ ಅಪ್ಪಾಜಿ, ಅವ್ವ ಇಬ್ಬರನ್ನೂ ಕರ್ಕೊಂಡು ನಾನು, ನಮ್ಮ ಮನೆಯವರು ಸ್ಟಾಕ್‌ಹೋಮ್‌ಗೆ ಹೊರಟಿದ್ದೀವಿ. ನಾಲ್ಕು ಜನ, ನಾಲ್ಕು ರಾತ್ರಿ, ಎರಡು ರೂಮು. ಖರ್ಚಾದ್ರೂ ಚಿಂತೆಯಿಲ್ಲ, ಒಳ್ಳೆ ಹೋಟೆಲ್‌ನಲ್ಲೇ ಇರಿಸಬೇಕು ಅಂತ ಆಸೆ. ಅರಮನೆ ಎದುರಿಗಿರೋ ಗ್ರ್ಯಾಂಡ್ ಹೋಟೆಲ್ ನೋಡ್ತಾ ಇದ್ದೀವಿ. ಅದೇ ಆಗಬೇಕು ಅಂತೇನಿಲ್ಲ.

ಗೊತ್ತಿದ್ದವರು ಹೇಳಿ. ನೀರಿನ ಕಡೆ ಮುಖ ಮಾಡಿರೋ ರೂಮಿಗೆ ಅಷ್ಟು ಜಾಸ್ತಿ ದುಡ್ಡು ಕೊಡಬಹುದಾ? ಕಾರ್ಡ್ ಮೇಲೆ ಹೋಟೆಲ್‌ನವರು ದುಡ್ಡು ತಡೆಹಿಡಿತಾರಂತೆ, ಅದು ಎಷ್ಟು, ಯಾವಾಗ ವಾಪಸ್ ಬರುತ್ತೆ? ಅವ್ವ ಮೊಟ್ಟೆನೂ ಮುಟ್ಟಲ್ಲ, ದಿನಾ ಬೆಳಿಗ್ಗೆ ಲಿಂಗಪೂಜೆ ಆಗಲೇಬೇಕು. ಅಪ್ಪಾಜಿಗೆ ಮಂಡಿನೋವು, ಬಾತ್‌ಟಬ್ ಒಳಗೆ ಕಾಲು ಎತ್ತಿಡೋಕೆ ಆಗಲ್ಲ. ಏರ್‌ಪೋರ್ಟಿಂದ ಹೋಟೆಲ್‌ಗೆ ಹೋಗೋದಕ್ಕೆ ರೈಲು ಒಳ್ಳೇದಾ ಟ್ಯಾಕ್ಸಿನಾ?


ಜೋಗಿಮಟ್ಟಿ ಗಾಳಿ (ಚಿತ್ರದುರ್ಗ):

ಮೊದಲು ತಾರೀಖು ನೋಡಿ, ಹೋಟೆಲ್ ಆಮೇಲೆ. ಜೂನ್ 19ರಿಂದ 25ರ ಒಳಗೆ ಯಾವ ಶುಕ್ರವಾರ ಬರುತ್ತೋ ಅದು ಸ್ವೀಡನ್ನಿನಲ್ಲಿ ಮಿಡ್‌ಸಮ್ಮರ್ ಹಬ್ಬ. ಯುಗಾದಿಗೆ ಬೆಂಗಳೂರು ಖಾಲಿಯಾದ ಹಾಗೆ ಅವತ್ತು ಸ್ಟಾಕ್‌ಹೋಮ್ ಖಾಲಿ. ಜನ ಹಳ್ಳಿಮನೆ, ದ್ವೀಪದ ಮನೆ ಸೇರಿಬಿಡ್ತಾರೆ. ಶುಕ್ರವಾರ, ಶನಿವಾರ ಎರಡೂ ದಿನ ಎಷ್ಟೋ ಊಟದ ಹೋಟೆಲ್‌ಗಳು, ಅಂಗಡಿಗಳು ಬಾಗಿಲು ಹಾಕಿರ್ತವೆ. ಆ ದಿನಗಳಲ್ಲಿ ಇರೋದಾದ್ರೆ ನಿಮ್ಮ ಹೋಟೆಲ್‌ನ ಸ್ವಂತ ರೆಸ್ಟೋರೆಂಟ್ ತೆರೆದಿರುತ್ತಾ ಅಂತ ಬರೆದು ಕೇಳಿ, ಟೇಬಲ್ ಮುಂಚೆಯೇ ಹಿಡಿದಿಡಿ.

ದರದ ನಡೆ ಗೋವಾ, ಮೈಸೂರಿನ ಲೆಕ್ಕಕ್ಕೆ ಉಲ್ಟಾ. ಅಲ್ಲಿನ ದೊಡ್ಡ ಹೋಟೆಲ್‌ಗಳು ಬದುಕೋದು ಕಂಪನಿ ಕೆಲಸಕ್ಕೆ ಬರೋರಿಂದ. ಹಾಗಾಗಿ ವಸಂತ ಮತ್ತು ಶರತ್ಕಾಲದಲ್ಲಿ ಮಂಗಳವಾರ, ಬುಧವಾರ, ಗುರುವಾರ ದರ ಏರುತ್ತೆ. ಶನಿವಾರ, ಭಾನುವಾರ ಇಳಿಯುತ್ತೆ, ಜುಲೈ ತಿಂಗಳಲ್ಲಿ ಇನ್ನೂ ಇಳಿಯುತ್ತೆ. ಪ್ರಯಾಣವನ್ನು ಎರಡು ವಾರ ಮುಂದೆ ತಳ್ಳೋ ಅನುಕೂಲ ಇದ್ರೆ ಜುಲೈ ಮೊದಲ ವಾರದ ದರವನ್ನೂ ಪಕ್ಕದಲ್ಲಿಟ್ಟು ನೋಡಿ. ಹಬ್ಬದ ಬಾಗಿಲು ಮುಚ್ಚೋ ತೊಂದರೆಯೂ ತಪ್ಪುತ್ತೆ.

ಇನ್ನು ರೂಮು. ಗ್ರ್ಯಾಂಡ್ ಹೋಟೆಲ್ ಶುರುವಾಗಿದ್ದು 1874ರಲ್ಲಿ. 1901ರ ಮೊದಲ ನೊಬೆಲ್ ಔತಣ ನಡೆದಿದ್ದು ಅದರ ಕನ್ನಡಿ ಹಾಲ್‌ನಲ್ಲಿ. ಈಗಲೂ ಡಿಸೆಂಬರ್ ಎರಡನೇ ವಾರದಲ್ಲಿ ನೊಬೆಲ್ ಪುರಸ್ಕೃತರು ಉಳಿಯೋದು ಅಲ್ಲೇ. ಮುಂಭಾಗಕ್ಕೆ ನೀರು, ನೀರಿನಾಚೆ ರಾಜರ ಅರಮನೆ, ಹಳೇ ಊರು. ಕೆಳಗೇ ದ್ವೀಪಗಳಿಗೆ ಹೋಗೋ ಹಡಗುಗಳ ಕಟ್ಟೆ. ಇಂಥ ಹಳೇ ಕಟ್ಟಡಗಳಲ್ಲಿ ಒಳಅಂಗಳದ ಕಡೆಗೆ ಕಿಟಕಿ ಇರೋ ರೂಮುಗಳೂ ಇರ್ತವೆ. ಅವು ಅಗ್ಗ, ಸದ್ದಿಲ್ಲ, ಆದ್ರೆ ಕಾಣೋದು ಎದುರು ಗೋಡೆ.

ನನ್ನ ಅಭಿಪ್ರಾಯ ಕೇಳಿದ್ರೆ ಅಪ್ಪಾಜಿ-ಅವ್ವನಿಗೆ ನೀರಿನ ಕಡೆಯ ರೂಮು ಹಿಡೀರಿ, ನೀವು ಒಳಗಡೆಯದು ತಗೊಳ್ಳಿ. ವಯಸ್ಸಾದವರು ದಿನಕ್ಕೆ ನಾಲ್ಕೈದು ತಾಸು ರೂಮಲ್ಲೇ ಕೂರ್ತಾರೆ. ಅವರಿಗೆ ಆ ಕಿಟಕಿಯೇ ಅರ್ಧ ಪ್ರವಾಸ. ನೀವು ರೂಮಿಗೆ ಬರೋದು ಮಲಗೋಕೆ. ಡಿಸೆಂಬರ್ ಆಗಿದ್ರೆ ಈ ಮಾತು ಹೇಳ್ತಿರಲಿಲ್ಲ. ಆಗ ಸೂರ್ಯ ಮುಳುಗೋದು ಮಧ್ಯಾಹ್ನ ಮೂರಕ್ಕೆ ಮುಂಚೆ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕಿರುತ್ತೆ, ಕೊಟ್ಟ ದುಡ್ಡು ಕಣ್ಣಿಗೆ ದಕ್ಕುತ್ತೆ.

"ಸುಪೀರಿಯರ್", "ಡಿಲಕ್ಸ್" ಅನ್ನೋ ಹೆಸರು ನಂಬಬೇಡಿ. ಒಂದು ಹೋಟೆಲ್‌ನ ಡಿಲಕ್ಸ್ ಇನ್ನೊಂದರ ಸ್ಟ್ಯಾಂಡರ್ಡ್‌ಗಿಂತ ಚಿಕ್ಕದಿರಬಹುದು. ಚದರ ಮೀಟರ್ ಎಷ್ಟು ಅಂತ ನೋಡಿ. 18-20 ಚದರ ಮೀಟರ್ ಅಂದ್ರೆ ನಮ್ಮ ಲೆಕ್ಕದಲ್ಲಿ 200 ಚದರ ಅಡಿ ಆಸುಪಾಸು. ಎರಡು ದೊಡ್ಡ ಸೂಟ್‌ಕೇಸ್ ಬಿಚ್ಚಿಟ್ರೆ ಓಡಾಡೋಕೆ ಜಾಗ ಇರಲ್ಲ. ಹಿರಿಯರಿಗೆ 25ಕ್ಕಿಂತ ಕಡಿಮೆ ತಗೋಬೇಡಿ.

ಮಂಚದ ವಿಷಯವೂ ಕೇಳಿಕೊಳ್ಳಿ. ಅಲ್ಲಿ ಡಬಲ್ ಬೆಡ್ ಅಂದ್ರೆ ಎಷ್ಟೋ ಕಡೆ ಎರಡು ಸಿಂಗಲ್ ಹಾಸಿಗೆ ಜೋಡಿಸಿರೋದು, ಒಬ್ಬೊಬ್ಬರಿಗೆ ಒಂದೊಂದು ಹೊದಿಕೆ. ಹೊದಿಕೆ, ದಿಂಬುಗಳಲ್ಲಿ ಬಾತುಕೋಳಿ ಪುಕ್ಕ ತುಂಬಿರೋದು ಸಾಮಾನ್ಯ. ಅವ್ವನಿಗೆ ಅದು ಬೇಡ ಅನ್ನಿಸಿದ್ರೆ ಸಿಂಥೆಟಿಕ್ ಕೊಡಿ ಅಂತ ಮುಂಚೆಯೇ ಹೇಳಿ, ಬದಲಿಸಿ ಇಟ್ಟಿರ್ತಾರೆ.

ನೊರ್ಮಾಲ್ಮ್‌ಸ್ತೊರಿ ಚೌಕದ ನೊಬಿಸ್ ಹೋಟೆಲ್, ಸ್ಟ್ರಾಂಡ್‌ವೇಗನ್ ದಂಡೆಯಲ್ಲಿ 1911ರ ಕಟ್ಟಡದಲ್ಲಿರೋ ಡಿಪ್ಲೊಮ್ಯಾಟ್, ಇವೂ ನೋಡೋವಂಥವೇ. ಎರಡೂ ಗ್ರ್ಯಾಂಡ್‌ನಿಂದ ನಡೆದುಹೋಗೋ ದೂರದಲ್ಲಿವೆ. 1973ರ ಬ್ಯಾಂಕ್ ದರೋಡೆಯಲ್ಲಿ ಒತ್ತೆಯಾಳುಗಳೇ ದರೋಡೆಕೋರರ ಪರ ಮಾತಾಡಿ "ಸ್ಟಾಕ್‌ಹೋಮ್ ಸಿಂಡ್ರೋಮ್" ಅನ್ನೋ ಹೆಸರು ಹುಟ್ಟಿತಲ್ಲ, ಆ ಬ್ಯಾಂಕ್ ಇದ್ದದ್ದು ಈಗ ನೊಬಿಸ್ ಇರೋ ಕಟ್ಟಡದಲ್ಲೇ.


ಲೆಕ್ಕದ ಪುಸ್ತಕ (ದಾವಣಗೆರೆ):

ದುಡ್ಡಿನ ಭಾಗ ನಾನು ಹೇಳ್ತೀನಿ ನೋಡ್ರಿ.

ವೀಸಾ ಕೈಗೆ ಬರೋತನಕ ವಾಪಸ್ ಕೊಡದ ದರದಲ್ಲಿ ಬುಕ್ ಮಾಡಬೇಡ್ರಿ. ಅದು ಅಗ್ಗ ಕಾಣತ್ತೆ, ಆದ್ರೆ ವೀಸಾ ತಡವಾದ್ರೆ ನಾಲ್ಕು ರಾತ್ರಿಯ ಪೂರ್ತಿ ದುಡ್ಡು ಹೋಯ್ತು. ರದ್ದು ಮಾಡಬಹುದಾದ ದರದಲ್ಲಿ ಹಿಡಿದು, ರದ್ದಿನ ಕೊನೆ ತಾರೀಖು ಮತ್ತು ಗಂಟೆ ಬರೆದಿಟ್ಕೊಳ್ರಿ. ಆ ಗಂಟೆ ಸ್ವೀಡನ್ನಿನ ಸಮಯ. ಬೇಸಿಗೆಯಲ್ಲಿ ಅವರು ನಮಗಿಂತ ಮೂರೂವರೆ ತಾಸು ಹಿಂದೆ.

ನಿಮಗೆ ಬೇಕಾದ್ದು ಷೆಂಗೆನ್ ವೀಸಾ, ಸ್ವೀಡನ್, ಜರ್ಮನಿ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ. ಅದಕ್ಕೆ ಹೊರಡೋ ದಿನಕ್ಕಿಂತ 6 ತಿಂಗಳ ಒಳಗೆ, ಕಡೇಪಕ್ಷ 15 ದಿನ ಮುಂಚೆ ಅರ್ಜಿ ಹಾಕಬೇಕು. 15 ದಿನ ಅನ್ನೋದು ಕಾಗದದ ಮೇಲಿನ ಮಾತು. ಬೇಸಿಗೆ ಪ್ರಯಾಣಕ್ಕೆ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ ಆಗತ್ತೆ, ಅದಕ್ಕೆ ಮಾರ್ಚ್‌ನಲ್ಲೇ ಶುರು ಮಾಡ್ರಿ. 2024ರ ಜೂನ್‌ನಿಂದ ಶುಲ್ಕ ದೊಡ್ಡವರಿಗೆ 90 ಯೂರೋ, ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಪ್ರಯಾಣ ವಿಮೆ ಕನಿಷ್ಠ 30,000 ಯೂರೋಗೆ ಇರಬೇಕು. ಅಪ್ಪಾಜಿಗೆ ಬಿಪಿ, ಸಕ್ಕರೆ ಏನಾದ್ರೂ ಇದ್ರೆ ಮುಚ್ಚಿಡಬೇಡ್ರಿ, ಹಳೇ ಕಾಯಿಲೆಗೂ ಅನ್ವಯ ಆಗೋ ಪಾಲಿಸಿ ತಗೊಳ್ರಿ.

ನಮ್ಮ ಕಡೆಯವರಿಗೆ ಎಡವಟ್ಟಾಗೋದು ಹೆಸರಿನಲ್ಲಿ. ಹಿರಿಯರ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇರತ್ತೆ, ಕಾರ್ಡ್ ಮೇಲೆ ಇನಿಷಿಯಲ್ ಇರತ್ತೆ, ಹೋಟೆಲ್ ಫಾರಂ ಮಾತ್ರ ಸರ್‌ನೇಮ್ ಇಲ್ಲದೆ ಮುಂದೆ ಹೋಗಲ್ಲ. ವಿಮಾನದ ಟಿಕೆಟ್‌ನಲ್ಲಿ ಹೆಸರು ಹೇಗೆ ಬಂದಿದೆಯೋ ಹೋಟೆಲ್‌ನಲ್ಲೂ ಹಾಗೇ ಹಾಕ್ರಿ. ನಾಲ್ಕೂ ಜನರ ಹೆಸರು ಬುಕಿಂಗ್ ಪತ್ರದಲ್ಲಿ ಇರಲಿ. ಒಬ್ಬರ ಹೆಸರಲ್ಲಿ ಎರಡು ರೂಮು ಅಂತ ಮಾತ್ರ ಇದ್ರೆ ವೀಸಾ ಕಡತದಲ್ಲಿ ಉಳಿದವರು ಎಲ್ಲಿರ್ತಾರೆ ಅನ್ನೋ ಪ್ರಶ್ನೆ ಏಳತ್ತೆ.

ಕಾರ್ಡ್ ಮೇಲಿನ ತಡೆ: ಚೆಕ್-ಇನ್ ಹೊತ್ತಿಗೆ ರೂಮಿನ ಬಾಕಿ ಮೊತ್ತ ಮತ್ತು ಮೇಲುಖರ್ಚಿಗೆ ಅಂತ ರಾತ್ರಿಗಿಷ್ಟು ಸೇರಿಸಿ ಹಿಡಿದಿಡ್ತಾರೆ. ಕ್ರೆಡಿಟ್ ಕಾರ್ಡ್‌ನಲ್ಲಿ ಅದು ಬರೀ ಮಿತಿಯಿಂದ ಕಡಿಮೆಯಾಗತ್ತೆ. ಡೆಬಿಟ್ ಅಥವಾ ಫಾರೆಕ್ಸ್ ಕಾರ್ಡ್ (ವಿದೇಶಿ ದುಡ್ಡು ಮುಂಚೆಯೇ ತುಂಬಿಸಿಟ್ಟ ಕಾರ್ಡ್) ಕೊಟ್ರೆ ನಿಮ್ಮ ಸ್ವಂತ ದುಡ್ಡೇ ಸಿಕ್ಕಿಹಾಕಿಕೊಳ್ಳತ್ತೆ. ಹೋಟೆಲ್‌ನವರು ಬಿಟ್ಟುಕೊಟ್ಟ ಮೇಲೂ ಬ್ಯಾಂಕಿನಿಂದ ವಾಪಸ್ ಬರೋಕೆ ಒಂದು ವಾರ, ಹತ್ತು-ಹದಿನೈದು ದಿನ ಹಿಡಿದ್ರೂ ಹಿಡೀಬಹುದು. ಹಂಗಾಗಿ ತಡೆಗೆ ಕ್ರೆಡಿಟ್ ಕಾರ್ಡ್, ಊರೊಳಗಿನ ಖರ್ಚಿಗೆ ಫಾರೆಕ್ಸ್ ಕಾರ್ಡ್.

ಸ್ವೈಪಿಂಗ್ ಮೆಷಿನ್ ಮುಂದೆ ಗಮನ ಇರಲಿ. ಕಾರ್ಡ್ ಇಟ್ಟ ಕೂಡಲೇ ಪರದೆ ಮೇಲೆ ಎರಡು ಸಾಲು ಬರಬಹುದು, ಒಂದು ಅಲ್ಲಿನ ದುಡ್ಡು ಕ್ರೋನಾದಲ್ಲಿ, ಇನ್ನೊಂದು ರೂಪಾಯಿಯಲ್ಲಿ. ರೂಪಾಯಿ ನೋಡಿ ಸಮಾಧಾನ ಅನ್ನಿಸತ್ತೆ, ಅದನ್ನು ಒತ್ತಬೇಡ್ರಿ. ಆ ವಿನಿಮಯ ದರವನ್ನು ಮೆಷಿನ್ ಕಡೆಯವರು ತಮ್ಮ ಲಾಭ ಸೇರಿಸಿ ಹಾಕಿರ್ತಾರೆ. ಯಾವಾಗಲೂ ಸ್ವೀಡಿಷ್ ಕ್ರೋನಾ. ರಿಸೆಪ್ಷನ್‌ನವರು ಕೇಳದೇ ರೂಪಾಯಿ ಒತ್ತಿದ್ರೆ ರದ್ದು ಮಾಡಿಸಿ ಮತ್ತೆ ಮಾಡಿಸ್ರಿ, ಬೇಸರ ಮಾಡ್ಕೊಳಲ್ಲ.

ಉದಾಹರಣೆಗೆ ಬಿಲ್ಲು ಎರಡು ಲಕ್ಷ ರೂಪಾಯಿಯಷ್ಟಾಯ್ತು ಅಂತಿಟ್ಕೊಳ್ರಿ. ನಿಮ್ಮ ಕಾರ್ಡಿನ ವಿದೇಶಿ ಶುಲ್ಕ ಶೇ. 3.5 ಇದ್ರೆ 7,000, ಅದರ ಮೇಲೆ ಶೇ. 18 ಜಿಎಸ್‌ಟಿ 1,260, ಒಟ್ಟು 8,260 ರೂಪಾಯಿ. ಶೇ. 2ರ ಕಾರ್ಡ್ ಆದ್ರೆ 4,720. ಹೊರಡೋ ಮುಂಚೆ ಮನೆಯಲ್ಲಿರೋ ಕಾರ್ಡುಗಳ ಶುಲ್ಕ ಒಂದು ಸಲ ನೋಡ್ಕೊಳ್ರಿ. ಬ್ಯಾಂಕ್ ಆಪ್‌ನಲ್ಲಿ ವಿದೇಶಿ ಬಳಕೆ ಚಾಲೂ ಮಾಡ್ರಿ, ಟ್ಯಾಪ್ ಮಾಡೋದಕ್ಕೆ ಬೇರೆ ಗುಂಡಿ ಇರತ್ತೆ, ಅದನ್ನೂ ಮಾಡ್ರಿ. ಪಿನ್ ನೆನಪಿರಲಿ. ಒಟಿಪಿ ಬರೋಕೆ ನಮ್ಮ ಸಿಮ್‌ಗೆ ರೋಮಿಂಗ್ ಬೇಕು. ಸ್ಟಾಕ್‌ಹೋಮ್‌ನಲ್ಲಿ ನೋಟು ತಗೊಳ್ಳದ ಅಂಗಡಿಗಳೇ ಬಹಳ, ನಗದು ಕಟ್ಕೊಂಡು ಹೋಗೋ ಅಗತ್ಯ ಇಲ್ಲ. ಅಲ್ಲಿನವರು ಫೋನ್‌ನಲ್ಲಿ ಕಳಿಸೋ ಸ್ವಿಷ್ ನಮಗೆ ಸಿಗಲ್ಲ, ಅದಕ್ಕೆ ಸ್ವೀಡಿಷ್ ಬ್ಯಾಂಕ್ ಖಾತೆ ಬೇಕು.

ದರದಲ್ಲಿ ತೆರಿಗೆ ಸೇರೇ ಇರತ್ತೆ, ಮೇಲೆ ಸೇರಿಸಲ್ಲ. ಟಿಪ್ಸ್ ಕೊಡಲೇಬೇಕು ಅನ್ನೋದಿಲ್ಲ.


ದುರ್ಗದ ಸೊಸೆ (ಚಿತ್ರದುರ್ಗ):

ಅಮ್ಮನವರ ಊಟ, ಪೂಜೆ ಬಗ್ಗೆ ಹೇಳ್ತೀನಿ.

ಸಾಮಾನಿನಲ್ಲಿ ಮೊದಲು ಏನು ಬೇಡ ಅನ್ನೋದು. ಯುರೋಪಿಯನ್ ಒಕ್ಕೂಟದ ಹೊರಗಿನಿಂದ ಹಾಲಿನ ಪದಾರ್ಥ, ಮಾಂಸದ ಪದಾರ್ಥ ಯಾವುದನ್ನೂ ಪ್ರಯಾಣಿಕರು ಒಯ್ಯೋ ಹಾಗಿಲ್ಲ. ತುಪ್ಪ, ಬೆಣ್ಣೆ, ಪೇಡ, ಖೋವಾ ಯಾವುದೂ ಬೇಡ. ಹಸಿ ಎಲೆ, ಹೂವು, ತರಕಾರಿಗೆ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅಂದ್ರೆ ಕರಿಬೇವು, ಬಿಲ್ವಪತ್ರೆ, ವೀಳ್ಯದೆಲೆ ಬಿಟ್ಟು ಹೋಗಬೇಕು. ಕರ್ಪೂರ ವಿಮಾನದಲ್ಲೇ ನಿಷೇಧ, ಬೇಗ ಬೆಂಕಿ ಹತ್ತೋ ವಸ್ತು. ಒಣಕೊಬ್ಬರಿಯನ್ನೂ ನಮ್ಮ ವಿಮಾನ ನಿಲ್ದಾಣಗಳಲ್ಲಿ ತಡೀತಾರೆ, ಎಣ್ಣೆ ಅಂಶ ಜಾಸ್ತಿ ಅಂತ. ಉಪ್ಪಿನಕಾಯಿ ಕೈಚೀಲದಲ್ಲಿ ಬೇಡ, ದೊಡ್ಡ ಬ್ಯಾಗಿನಲ್ಲಿ ಸೀಲ್ ಮಾಡಿದ್ದು ಇಡಿ.

ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಮಂಡಕ್ಕಿ, ತೆಳು ಅವಲಕ್ಕಿ, ಹುರಿದ ರವೆ ಇವಕ್ಕೆಲ್ಲ ತೊಂದರೆ ಇಲ್ಲ. ರೊಟ್ಟಿಯನ್ನು ಬಟ್ಟೆ ನಡುವೆ ಇಡಬೇಡಿ, ಪುಡಿಯಾಗುತ್ತೆ. ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮೇಲೆ ಕೆಳಗೆ ಕಾಗದ ಹಾಕಿ, ಅಲ್ಲಾಡದ ಹಾಗೆ ತುಂಬಿ.

ಈ ತಿಂಡಿ ಯಾಕೆ ಬೇಕು ಅಂದ್ರೆ, ದಿನಾ ಬೆಳಿಗ್ಗೆ ಐದಕ್ಕೆ ಏಳೋರಿಗೆ ಅಲ್ಲಿ ಮೊದಲೆರಡು ದಿನ ರಾತ್ರಿ ಒಂದೂವರೆಗೇ ಎಚ್ಚರ ಆಗಿಬಿಡುತ್ತೆ. ಜೂನ್‌ನಲ್ಲಿ ಸೂರ್ಯ ಹುಟ್ಟೋದು ಮೂರೂವರೆ ಹೊತ್ತಿಗೆ. ಬೆಳಗಿನ ಉಪಾಹಾರ ಶುರುವಾಗೋದು ಆರೂವರೆ, ಏಳಕ್ಕೆ, ಶನಿವಾರ-ಭಾನುವಾರ ಇನ್ನೂ ತಡ. ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಮಾತ್ರೆ ತಗೊಳ್ಳೋರು ಕೂರೋಕಾಗಲ್ಲ. ಒಂದು ಲೋಟ ತೆಳು ಅವಲಕ್ಕಿಗೆ ಅರ್ಧ ಲೋಟ ಬಿಸಿನೀರು ಚಿಮುಕಿಸಿ ಐದು ನಿಮಿಷ ಮುಚ್ಚಿ, ಗೊಜ್ಜಿನ ಪುಡಿ ಕಲಸಿದ್ರೆ ಆಯ್ತು. ರೂಮಲ್ಲಿ ಕಾಫಿ ಮೆಷಿನ್ ಇದ್ದು ಕೆಟಲ್ ಇಲ್ಲದಿರಬಹುದು. ಕೆಟಲ್ ಬೇಕು ಅಂತ ಬುಕಿಂಗ್ ಹೊತ್ತಿಗೇ ಕೇಳಿ. ಕುಡಿಯೋಕೆ ನಲ್ಲಿಯ ತಣ್ಣೀರು ಚೆನ್ನಾಗಿದೆ, ಬಾಟಲಿ ಕೊಳ್ಳಬೇಡಿ. ಬಿಸಿನೀರಿನ ನಲ್ಲಿಯಿಂದ ಕುಡಿಯೋದು, ಅಡುಗೆಗೆ ಹಿಡಿಯೋದು ಬೇಡ.

ಉಪಾಹಾರದ ಬಫೆಯಲ್ಲಿ ಅಮ್ಮನವರಿಗೆ ಆಗೋದು: ಓಟ್ಸ್ ಗಂಜಿ (ನೀರಲ್ಲಿ ಮಾಡಿದ್ದೋ ಹಾಲಲ್ಲೋ ಕೇಳಿ), ಕ್ನೆಕೆಬ್ರೋಡ್ ಅನ್ನೋ ಗರಿಗರಿ ರೈ ರೊಟ್ಟಿ, ಹಣ್ಣು, ಕಾಡುಹಣ್ಣುಗಳು, ಆಲೂಗಡ್ಡೆ, ಮತ್ತು ಫಿಲ್. ಫಿಲ್ ಅನ್ನೋದು ಹೆಪ್ಪು ಹಾಕಿದ ಹಾಲು, ಮೊಸರಿಗಿಂತ ತೆಳು, ಹುಳಿ ಹದವಾಗಿರುತ್ತೆ, ಅನ್ನಕ್ಕೆ ಕಲಸೋಕೂ ಒಪ್ಪುತ್ತೆ. ಅನುಮಾನ ಪಡಬೇಕಾದ್ದು ಮೂರು: ಕೇಕ್, ಪ್ಯಾನ್‌ಕೇಕ್‌ಗಳಲ್ಲಿ ಮೊಟ್ಟೆ, ಮೆತ್ತಗಿನ ಸಿಹಿತಿಂಡಿಯಲ್ಲಿ ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡೋ ಜೆಲಟಿನ್, ಹಳೆಯ ಗಟ್ಟಿ ಚೀಸ್‌ನಲ್ಲಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್. ಅಲ್ಲಿ "ವೆಜಿಟೇರಿಯನ್" ಅಂದ್ರೆ ಮೊಟ್ಟೆ ಸೇರಿದ್ದು. ಅದಕ್ಕೆ ರೆಸ್ಟೋರೆಂಟ್‌ನಲ್ಲಿ "ವೀಗನ್" ಕೇಳೋದು ಸುಲಭ, ಆಮೇಲೆ ಬೆಣ್ಣೆ, ಫಿಲ್ ಬೇರೆ ತಗೊಳ್ಳಿ. ಉಲ್ಟಾ ಕೇಳಿದ್ರೆ ಪ್ರತಿ ತಟ್ಟೆಗೂ ವಿಚಾರಣೆ ಮಾಡಬೇಕಾಗುತ್ತೆ.

ಮಧ್ಯಾಹ್ನದ ಊಟ ಹೊರಗೆ ಮಾಡಿ. ವಾರದ ದಿನಗಳಲ್ಲಿ 11ರಿಂದ 2ರವರೆಗೆ ಎಲ್ಲ ಕಡೆ "ದಾಗೆನ್ಸ್ ಲಂಚ್" ಇರುತ್ತೆ, ಸಲಾಡ್, ಬ್ರೆಡ್, ಕಾಫಿ ಸೇರಿ ಒಂದೇ ದರ. ಭಾರತೀಯ ಹೋಟೆಲ್‌ಗಳಲ್ಲೂ ಇದೇ ಪದ್ಧತಿ. ರಾತ್ರಿ ಅದೇ ಊಟಕ್ಕೆ ಬಹಳ ಜಾಸ್ತಿ ಕೊಡಬೇಕು.

ಪೂಜೆಗೆ ಬಂದ್ರೆ, ಅಂಗೈಯಲ್ಲಿ ಲಿಂಗ ಇಟ್ಟು ಮಾಡೋ ಪೂಜೆಗೆ ಯಾವ ಅಡ್ಡಿಯೂ ಇಲ್ಲ, ಬೆಂಕಿಗೆ ಮಾತ್ರ ಇದೆ. ಊದುಬತ್ತಿ, ದೀಪ, ಧೂಪ ಯಾವುದನ್ನೂ ಹಚ್ಚಬೇಡಿ. ದೊಡ್ಡ ಹೋಟೆಲ್‌ಗಳ ಹೊಗೆ ಅಲಾರಂ ನೇರ ಅಗ್ನಿಶಾಮಕ ದಳಕ್ಕೆ ಹೋಗುತ್ತೆ, ಸುಮ್ಮನೆ ಬಂದು ಹೋದ ಖರ್ಚನ್ನು ಹೋಟೆಲ್‌ಗೆ ಹಾಕ್ತಾರೆ, ಹೋಟೆಲ್‌ನವರು ಅದನ್ನು ನಿಮ್ಮ ಬಿಲ್ಲಿಗೆ ಹಾಕಬಹುದು. ಬ್ಯಾಟರಿ ದೀಪ ಸಾಕು. ಹೂವಿಗೆ ಹೋತೊರ್ಗೆಟ್ ಚೌಕದ ಬಯಲು ಸಂತೆಗೆ ಹೋಗಿ, ಹೂವು, ಹಣ್ಣು, ತರಕಾರಿ ಒಂದೇ ಕಡೆ ಸಿಗುತ್ತೆ. ಪೂಜೆ ಮುಗಿಯೋತನಕ ಬಾಗಿಲಿಗೆ "ತೊಂದರೆ ಕೊಡಬೇಡಿ" ಫಲಕ ಹಾಕಿ.

ಕೊರಳಲ್ಲಿ ಇಷ್ಟಲಿಂಗದ ಬೆಳ್ಳಿ ಕರಡಿಗೆ ಇದ್ರೆ ಸೆಕ್ಯುರಿಟಿ ಬಾಗಿಲಲ್ಲಿ ಸದ್ದಾಗುತ್ತೆ. ಸದ್ದಾದ ಮೇಲೆ ಹೇಳೋದಕ್ಕಿಂತ ಮುಂಚೆಯೇ ಹೇಳಿ. ಬೇರೆ ಕೋಣೆಯಲ್ಲಿ ತಪಾಸಣೆ ಮಾಡಿ ಅಂತ ಕೇಳೋ ಹಕ್ಕು ನಿಮಗಿದೆ. ವಿಭೂತಿ ಗಟ್ಟಿಯಾಗಿ ಒಯ್ಯಿರಿ, ಪುಡಿ ಬೇಡ.


ಕುಂದವಾಡ ಕೆರೆ:

ಅಕ್ಕಾರೆ, ಇಷ್ಟು ವಿವರ ಎಲ್ಲೂ ಸಿಕ್ಕಿರಲಿಲ್ಲ. ಕರಡಿಗೆ ವಿಷಯ ನಮಗೆ ಹೊಳೆದೇ ಇರಲಿಲ್ಲ. ಎರಡು ಪ್ರಶ್ನೆ ಉಳೀತು. ಬಾತ್‌ರೂಮಲ್ಲಿ ಬಕೆಟ್, ಚೊಂಬು ಇಲ್ಲದೆ ಅಪ್ಪಾಜಿಗೆ ಹೇಗೆ? ಚಾರ್ಜರ್ ಪಿನ್ ಯಾವುದು ಬೇಕು?


ಜೋಗಿಮಟ್ಟಿ ಗಾಳಿ:

ಬಕೆಟ್, ಚೊಂಬು ಇರಲ್ಲ. ಕಮೋಡ್ ಪಕ್ಕ ಹ್ಯಾಂಡ್ ಸ್ಪ್ರೇ ಕೂಡ ಸ್ಟಾಕ್‌ಹೋಮ್‌ನಲ್ಲಿ ಸಾಮಾನ್ಯವಾಗಿ ಇರಲ್ಲ. ಹೆಲ್ಸಿಂಕಿಗೆ ಹೋದ್ರೆ ಇರುತ್ತೆ, ಫಿನ್‌ಲ್ಯಾಂಡ್‌ನಲ್ಲಿ ಮನೆ, ಹೋಟೆಲ್ ಎಲ್ಲ ಕಡೆ ಅದು ರೂಢಿ. ಸ್ಟಾಕ್‌ಹೋಮ್‌ಗೆ ಅರ್ಧ ಲೀಟರಿನ, ಒತ್ತಿದ್ರೆ ನೀರು ಚಿಮ್ಮೋ ಟ್ರಾವೆಲ್ ಬಾಟಲಿ ಒಯ್ಯಿರಿ. ನೆಲದ ಮೇಲೆ ನೀರು ಚೆಲ್ಲದ ಹಾಗೆ ನೋಡ್ಕೊಳ್ಳಿ. ಹಳೇ ಕಟ್ಟಡಗಳಲ್ಲಿ ನೀರು ಹೋಗೋ ಜಾಲರಿ ಶವರ್ ಕೆಳಗೆ ಮಾತ್ರ ಇರಬಹುದು. ಆಚೆ ಬಿದ್ದ ನೀರು ಹೋಗೋಕೆ ದಾರಿ ಇರಲ್ಲ, ಕೆಳಗಿನ ರೂಮಿನ ಛಾವಣಿಗೆ ಇಳಿಯುತ್ತೆ. ಮಂಡಿನೋವು ಇರೋರು ಒದ್ದೆ ಕಲ್ಲಿನ ಮೇಲೆ ಜಾರೋದು ಅದಕ್ಕಿಂತ ದೊಡ್ಡ ಅಪಾಯ.

ಟಬ್ ಬದಲು ನೆಲಮಟ್ಟದ ಶವರ್ ಅಂತ ಬರೆದು ಕೇಳಿ. ಟಬ್ ಒಳಗೇ ಶವರ್ ಇರೋ ರೂಮು ಕೊಟ್ರೆ ಅಪ್ಪಾಜಿ ಅರ್ಧ ಮೀಟರಿಗೂ ಮೇಲೆ ಕಾಲೆತ್ತಬೇಕು. ಶವರ್ ಕೆಳಗೆ ಕೂರೋಕೆ ಸ್ಟೂಲ್ ಕೂಡ ಕೇಳಿ.

ಪಿನ್: ಅಲ್ಲೂ 230 ವೋಲ್ಟ್, 50 ಹರ್ಟ್ಸ್, ವೋಲ್ಟೇಜ್ ಚಿಂತೆ ಇಲ್ಲ. ನಮ್ಮ ಮೊಬೈಲ್ ಚಾರ್ಜರಿನ ಎರಡು ಸಣ್ಣ ಗುಂಡು ಪಿನ್ ಹಾಗೇ ಕೂರುತ್ತೆ. ಮೂರು ಪಿನ್ನಿನದು ಕೂರಲ್ಲ, ಅದಕ್ಕೆ ಅಡಾಪ್ಟರ್ ಬೇಕು. ಎಲೆಕ್ಟ್ರಿಕ್ ಕುಕ್ಕರ್, ಇಂಡಕ್ಷನ್ ಒಲೆ ಒಯ್ಯೋ ಯೋಚನೆ ಬೇಡ, ರೂಮಲ್ಲಿ ಅಡುಗೆಗೆ ಬಿಡಲ್ಲ.


ಪಿ.ಬಿ. ರಸ್ತೆ (ದಾವಣಗೆರೆ):

ದಾರಿ ಬಗ್ಗೆ. ದಾವಣಗೆರೆಯಿಂದ ಕಾರಲ್ಲಿ ಹೊರಟ್ರೆ ಬೆಂಗಳೂರು ಒಳಗೆ ಹೋಗಬೇಡ್ರಿ. ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿ ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ ಸೇರ್ರಿ. ನೆಲಮಂಗಲ, ಹೆಬ್ಬಾಳದ ಟ್ರಾಫಿಕ್ ತಪ್ಪತ್ತೆ. ವಿದೇಶಿ ವಿಮಾನಗಳು ಟರ್ಮಿನಲ್ 2ರಿಂದ. ಹಿರಿಯರಿಗೆ ಗಾಲಿಕುರ್ಚಿ ಸೇವೆ ಟಿಕೆಟ್ ಜೊತೆಗೇ ಹಾಕಿಸ್ರಿ, ದುಡ್ಡಿಲ್ಲ.

ಬೆಂಗಳೂರಿಂದ ಸ್ಟಾಕ್‌ಹೋಮ್‌ಗೆ ನೇರ ವಿಮಾನ ಇಲ್ಲ. ದುಬೈ, ದೋಹಾ ಮೇಲೆ ಹೋದ್ರೆ ಇಮಿಗ್ರೇಷನ್ ಸ್ಟಾಕ್‌ಹೋಮ್‌ನಲ್ಲೇ. ಫ್ರಾಂಕ್‌ಫರ್ಟ್ ಮೇಲೆ ಹೋದ್ರೆ ಅಲ್ಲೇ ಆಗತ್ತೆ. 2025ರ ಅಕ್ಟೋಬರ್‌ನಿಂದ ಷೆಂಗೆನ್ ಗಡಿಯಲ್ಲಿ ಬೆರಳಚ್ಚು, ಫೋಟೋ ತಗೊಳ್ಳೋ ಹೊಸ ಪದ್ಧತಿ ಬಂದಿದೆ, ಸಾಲು ಉದ್ದ. ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸೋದಾದ್ರೆ ಮೂರು ತಾಸು ಇರಲಿ, ಒಂದೂವರೆ ತಾಸಿನ ಕನೆಕ್ಷನ್ ಹಿರಿಯರ ಜೊತೆ ಬೇಡ.

ಆರ್ಲಾಂಡಾ ಏರ್‌ಪೋರ್ಟಿಂದ ಊರಿಗೆ ಸುಮಾರು 40 ಕಿ.ಮೀ. ಆರ್ಲಾಂಡಾ ಎಕ್ಸ್‌ಪ್ರೆಸ್ ರೈಲು 18 ನಿಮಿಷದಲ್ಲಿ ಸೆಂಟ್ರಲ್ ಸ್ಟೇಷನ್ ಮುಟ್ಟಿಸತ್ತೆ, ಆದ್ರೆ ತಲೆಗೆ ಮುನ್ನೂರು ಕ್ರೋನಾ ದಾಟತ್ತೆ. ಒಬ್ಬರೋ ಇಬ್ಬರೋ ಆದ್ರೆ ರೈಲು. ನಾಲ್ಕು ಜನ, ಲಗೇಜು ಅಂದ್ರೆ ಟ್ಯಾಕ್ಸಿನೇ ಅಗ್ಗ, ಹೋಟೆಲ್ ಬಾಗಿಲಿಗೇ ಬಿಡತ್ತೆ. ರೈಲಲ್ಲಿ ಬಂದ್ರೂ ಸೆಂಟ್ರಲ್‌ನಿಂದ ಹೋಟೆಲ್‌ಗೆ ಮತ್ತೆ ಒಂದು ಕಿ.ಮೀ.ಗಿಂತ ಜಾಸ್ತಿ ಹೋಗಬೇಕು.

ಟ್ಯಾಕ್ಸಿಯಲ್ಲಿ ಒಂದು ಎಚ್ಚರ ಬೇಕು. ಸ್ವೀಡನ್ನಿನಲ್ಲಿ ಟ್ಯಾಕ್ಸಿ ದರಕ್ಕೆ ಸರ್ಕಾರದ ಕಟ್ಟು ಇಲ್ಲ, 1990ರಿಂದ ಪ್ರತಿ ಕಂಪನಿ ತನ್ನ ದರ ತಾನೇ ಇಟ್ಕೋಬಹುದು. ಸಾಲಿನಲ್ಲಿ ಮೊದಲು ನಿಂತ ಕಾರಿಗೇ ಹತ್ತಬೇಕು ಅಂತೇನಿಲ್ಲ. ಹಿಂದಿನ ಬಾಗಿಲ ಗಾಜಿನ ಮೇಲೆ ಹಳದಿ-ಬಿಳಿ ದರದ ಚೀಟಿ ಇರತ್ತೆ, ಅದರಲ್ಲಿ ದೊಡ್ಡ ಅಕ್ಷರದಲ್ಲಿರೋದು 10 ಕಿ.ಮೀ., 15 ನಿಮಿಷದ ಪ್ರಯಾಣಕ್ಕೆ ಹೋಲಿಕೆ ದರ. ಅದನ್ನ ನೋಡ್ರಿ, ಆಮೇಲೆ ಊರೊಳಗೆ ಹೋಗೋಕೆ ಫಿಕ್ಸೆಡ್ ದರ ಎಷ್ಟು ಅಂತ ಬಾಯಿಬಿಟ್ಟು ಕೇಳ್ರಿ, ಒಪ್ಪಿದ ಮೇಲೆ ಲಗೇಜ್ ಹಾಕ್ರಿ. ತಾಕ್ಸಿ ಸ್ಟಾಕ್‌ಹೋಮ್, ತಾಕ್ಸಿ ಕುರೀರ್, ಸ್ವೆರಿಯೆತಾಕ್ಸಿ ದೊಡ್ಡ ಕಂಪನಿಗಳು, ಫಿಕ್ಸೆಡ್ ದರ ಹೇಳ್ತಾರೆ.

ಚೆಕ್-ಇನ್ ಮಧ್ಯಾಹ್ನ 3ಕ್ಕೆ. ಬೆಳಿಗ್ಗೆ ಇಳಿಯೋ ವಿಮಾನ ಹಿಡಿದ್ರೆ ಲಾಬಿಯಲ್ಲಿ ಕಾಯಬೇಕು. ಲಗೇಜ್ ಇಟ್ಕೊಳ್ತಾರೆ, ರೂಮು ಖಚಿತವಾಗಿ ಬೇಕು ಅಂದ್ರೆ ಹಿಂದಿನ ರಾತ್ರಿದೂ ಸೇರಿಸಿ ಬುಕ್ ಮಾಡಬೇಕು. ಮಧ್ಯಾಹ್ನ ಇಳಿಯೋ ವಿಮಾನ ಹುಡುಕೋದು ಅದಕ್ಕಿಂತ ಲೇಸು.


ಜೋಗಿಮಟ್ಟಿ ಗಾಳಿ:

ಕೊನೆಗೆ ಹೋಟೆಲ್‌ಗೆ ಬರೆಯೋ ಮೇಲ್. ಎಲ್ಲಕ್ಕಿಂತ ಮುಖ್ಯ ಇದೇ. ನಮ್ಮ ಕಡೆ ದೊಡ್ಡ ಹೋಟೆಲ್ ಅಂದ್ರೆ ಹತ್ತು ಜನ ಸುತ್ತ ನಿಂತಿರ್ತಾರೆ, ಮುಖ ನೋಡಿ ಏನು ಬೇಕು ಅಂತ ತಿಳ್ಕೊಳ್ತಾರೆ. ಅಲ್ಲಿ ಸಿಬ್ಬಂದಿ ಕಡಿಮೆ, ಅತಿಥಿಯನ್ನು ಅವರ ಪಾಡಿಗೆ ಬಿಡೋದೇ ಮರ್ಯಾದೆ ಅಂತ ನಡ್ಕೊಳ್ತಾರೆ. ಕೇಳಿದ್ರೆ ಮನಸಾರೆ ಮಾಡಿಕೊಡ್ತಾರೆ, ಕೇಳದಿದ್ರೆ ಯಾರೂ ಊಹಿಸಲ್ಲ. ಅಪ್ಪಾಜಿಯವರಿಗೆ ಇದನ್ನು ಮುಂಚೆಯೇ ಹೇಳಿಡಿ, ಇಲ್ಲಾಂದ್ರೆ "ಯಾರೂ ಕೇಳೋರೇ ಇಲ್ಲ" ಅಂತ ಬೇಜಾರಾಗ್ತಾರೆ.

ಬುಕಿಂಗ್ ಸೈಟಿನ "ವಿಶೇಷ ಕೋರಿಕೆ" ಪೆಟ್ಟಿಗೆಯಲ್ಲಿ ಬರೆದು ಬಿಡಬೇಡಿ, ಅದು ಅರ್ಧಕ್ಕರ್ಧ ಸಲ ಹೋಟೆಲ್‌ಗೆ ಮೊಟಕಾಗಿ ಮುಟ್ಟುತ್ತೆ. ನೇರ ಹೋಟೆಲ್‌ನ ರಿಸರ್ವೇಷನ್ ವಿಳಾಸಕ್ಕೆ, ಹೊರಡೋಕೆ ಹತ್ತು-ಹದಿನೈದು ದಿನ ಮುಂಚೆ, ಬುಕಿಂಗ್ ನಂಬರ್ ಮೇಲೆ ಹಾಕಿ ಸರಳ ಇಂಗ್ಲಿಷ್‌ನಲ್ಲಿ ಬರೆಯಿರಿ. ಹೀಗೆ:

"ನಮ್ಮ ಎರಡು ರೂಮುಗಳು ಒಂದೇ ಮಹಡಿಯಲ್ಲಿ ಅಕ್ಕಪಕ್ಕ ಇರಲಿ, ಲಿಫ್ಟ್‌ಗೆ ಹತ್ತಿರವಾಗಲಿ. ತಂದೆಗೆ ಮಂಡಿನೋವು, ಅವರ ರೂಮಿನಲ್ಲಿ ಟಬ್ ಅಲ್ಲದ ನೆಲಮಟ್ಟದ ಶವರ್ ಬೇಕು, ಶವರ್‌ನಲ್ಲಿ ಕೂರಲು ಸ್ಟೂಲ್ ಬೇಕು. ದಿಂಬು, ಹೊದಿಕೆ ಪುಕ್ಕವಿಲ್ಲದವು ಇರಲಿ, ಒಂದು ತೆಳು ಹೊದಿಕೆಯೂ ಇರಲಿ. ಕೆಟಲ್ ಮತ್ತು ಎರಡು ಬಟ್ಟಲು ಬೇಕು. ತಾಯಿ ಮಾಂಸ, ಮೀನು, ಮೊಟ್ಟೆ, ಜೆಲಟಿನ್ ತಿನ್ನುವುದಿಲ್ಲ. ಹಾಲು, ಮೊಸರು ತಿನ್ನುತ್ತಾರೆ. ಕಿಟಕಿಗೆ ಬೆಳಕು ತಡೆಯುವ ದಪ್ಪ ಪರದೆ ಇದೆಯೇ? ರೂಮಿನಲ್ಲಿ ಏರ್ ಕಂಡೀಷನ್ ಇದೆಯೇ? ಸ್ಪಾ ಪ್ರವೇಶ ದರದಲ್ಲಿ ಸೇರಿದೆಯೇ? ಹಬ್ಬದ ಶುಕ್ರವಾರ, ಶನಿವಾರ ನಿಮ್ಮ ಊಟದ ವೇಳೆ ಏನು?"

ಮೀನಿನ ಹೆಸರು ಬೇರೆಯಾಗಿ ಬರೆಯಲೇಬೇಕು. "ಮಾಂಸ ಬೇಡ" ಅಂದ್ರೆ ಹೆರಿಂಗ್, ಸಾಲ್ಮನ್ ತಟ್ಟೆಗೆ ಬಂದುಬಿಡುತ್ತೆ.

ಉತ್ತರ ಬಂದ ಮೇಲೆ ಅದರ ಒಂದು ಪ್ರತಿ ಪ್ರಿಂಟ್ ತೆಗೆದಿಟ್ಕೊಳ್ಳಿ, ಕೀ ತಗೊಳ್ಳೋ ಮುಂಚೆ ರಿಸೆಪ್ಷನ್‌ನಲ್ಲಿ ತೋರಿಸಿ. ಲಗೇಜ್ ಮೇಲೆ ಕಳಿಸೋ ಮುಂಚೆ ಅಪ್ಪಾಜಿಯವರ ರೂಮಿನ ಶವರ್ ಒಂದು ಸಲ ಹೋಗಿ ನೋಡಿ. ಬದಲಿಸೋದಿದ್ರೆ ಆಗಲೇ ಸುಲಭ, ಬ್ಯಾಗ್ ಬಿಚ್ಚಿ ಹಾಸಿಗೆ ಮೇಲೆ ಕೂತ ಮೇಲೆ ಅಲ್ಲ.